ಹನ್ನೊಂದು ದಿನದ ಹಿಂದಕ್ಕೆ ಏನೂ ಇರಲಿಲ್ಲ

2024ರ ಏಪ್ರಿಲ್. ಯುಗಾದಿ ಕಳೆದು ವಾರ ಆಗಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಗಿರಾಕಿ, ಬೆಳೆಗಾರರೊಬ್ಬರು ಶಿವಮೊಗ್ಗದ ನಮ್ಮ ಅಡಿಕೆ ಮಂಡಿಗೆ ಬಂದು, "ರೇಟು ಪರವಾಗಿಲ್ಲ ಅಂತಿದಾರೆ, ನಂದೂ ಟೆಂಡರ್‌ಗೆ ಇಟ್ಟುಬಿಡಿ" ಎಂದರು. ಡಿಸೆಂಬರ್‌ನಲ್ಲಿ ನಮ್ಮ ಗೋಡೌನ್‌ನಲ್ಲಿ ಇಳಿಸಿಹೋದ, ರಾಶಿ ಎಂಬ ಬಗೆಯ ಅಡಿಕೆ. ಚೀಟಿಯಲ್ಲಿ 28 ಚೀಲ ಎಂದಿದೆ. ಹಮಾಲರು ಅವರ ಲಾಟ್, ಅಂದರೆ ಅವರ ಹೆಸರಿನ ಚೀಲಗಳನ್ನೆಲ್ಲ, ಎಳೆದು ಸಾಲು ಹಚ್ಚಿದರು. 25 ಚೀಲ.

ಇನ್ನೊಮ್ಮೆ ಎಣಿಸಿದೆವು. ಪಕ್ಕದ ಲಾಟಿನೊಳಗೆ ಸೇರಿದೆಯೋ ಎಂದು ಎರಡು ಗೋಡೌನನ್ನೂ ಜಾಲಾಡಿದೆವು. ಮೂರು ಚೀಲ ಇಲ್ಲ. ಅಡಿಕೆ ಒಣಗಿ ತೂಕ ಇಳಿಯುವುದು ಮಾಮೂಲು. ಕ್ವಿಂಟಾಲಿಗೆ ಇಷ್ಟು ಹೋಯಿತು ಅಂದರೆ ಬೆಳೆಗಾರರೂ ಒಪ್ಪುತ್ತಾರೆ. ಆದರೆ ಚೀಲವೇ ಒಣಗಿ ಮಾಯ ಆಗುವುದಿಲ್ಲ ಅಲ್ವಾ? ಆಗ ರಾಶಿ ಕ್ವಿಂಟಾಲಿಗೆ ಐವತ್ತು ಸಾವಿರದ ಆಸುಪಾಸಿನಲ್ಲಿತ್ತು. ಮೂರು ಚೀಲ ಅಂದರೆ ಹತ್ತಿರ ಹತ್ತಿರ ಒಂದು ಲಕ್ಷ.

ನನಗೆ ಆ ಕ್ಷಣಕ್ಕೆ ಅಂಥ ಗಾಬರಿ ಏನೂ ಆಗಲಿಲ್ಲ. ಕ್ಯಾಮೆರಾ ಇದೆಯಲ್ಲ ಎಂಬ ಧೈರ್ಯ. ಎಂಟು ಕ್ಯಾಮೆರಾ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ದೇವರ ಫೋಟೊ ಕೆಳಗೆ ಒಂದು ಡಿವಿಆರ್, ಅಂದರೆ ಕ್ಯಾಮೆರಾ ಚಿತ್ರ ಉಳಿಸಿಡುವ ರೆಕಾರ್ಡರ್. ಐದು ವರ್ಷದಿಂದ ಅದರ ಹಸಿರು ದೀಪ ಉರಿಯುತ್ತಲೇ ಇತ್ತು. ಟಿವಿಯಲ್ಲಿ ಎಂಟು ಚೌಕ ಚಿತ್ರ ಬರುತ್ತಿತ್ತು. ಅಷ್ಟು ಬಂದರೆ ಎಲ್ಲ ಸರಿಯಿದೆ ಎಂದೇ ನಾನು ತಿಳಿದಿದ್ದೆ.

ಲೆಕ್ಕ ಬರೆಯುವ ನಮ್ಮ ರೈಟರ್ ಮೌಸ್ ಹಿಡಿದು ಪ್ಲೇಬ್ಯಾಕ್ ತೆಗೆದರು. ಕ್ಯಾಲೆಂಡರ್ ಬಂತು. ರೆಕಾರ್ಡಿಂಗ್ ಇರುವ ದಿನಗಳಿಗೆ ಮಾತ್ರ ಗುರುತು ಇರುತ್ತದೆ. ಏಪ್ರಿಲ್‌ನಲ್ಲಿ 11 ದಿನಕ್ಕೆ ಗುರುತು. ಮಾರ್ಚ್ ಖಾಲಿ. ಫೆಬ್ರವರಿ ಖಾಲಿ. ಡಿಸೆಂಬರ್ ಕೇಳುವುದೇ ಬೇಡ. ಸಾಲದ್ದಕ್ಕೆ ಡಿವಿಆರ್ ಗಡಿಯಾರ 40 ನಿಮಿಷ ಮುಂದೆ ಓಡುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿನ ಚಿತ್ರದ ಮೇಲೆ ಮೂರು ಗಂಟೆ ಎಂದು ಬರೆದಿತ್ತು.

ಕ್ಯಾಮೆರಾ ಹಾಕಿದವರಿಗೆ ಫೋನ್ ಮಾಡಿದೆ. ಹಾಕುವಾಗ "ತಿಂಗಳು ಆರಾಮಾಗಿ ಬರುತ್ತೆ" ಎಂದಿದ್ದರು. ಈಗ, "ಏನಾದ್ರೂ ಅಲ್ಲಾಡಿದಾಗ ಮಾತ್ರ ರೆಕಾರ್ಡ್ ಆಗೋ ಹಾಗೆ ಮೋಷನ್‌ಗೆ ಹಾಕಿದ್ರೆ ಬರ್ತಿತ್ತು ಸಾರ್, ನಿಮ್ದು ಇಪ್ಪತ್ನಾಕು ಗಂಟೆ ರೆಕಾರ್ಡ್ ಆಗ್ತಿದೆ" ಎಂದರು. ಹಾಕಿದವರು ಅವರೇ. ಹಾಗಂತ ಬರೀ ಅವರನ್ನು ಬೈದು ಏನು ಪ್ರಯೋಜನ? ಐದು ವರ್ಷದಲ್ಲಿ ಒಂದು ಸಲವೂ ಆ ಕ್ಯಾಲೆಂಡರ್ ತೆಗೆದು ನೋಡದವನು ನಾನೇ.

ಬೆಳೆಗಾರರಿಗೆ 28 ಚೀಲದ ಲೆಕ್ಕದಲ್ಲೇ ಪಟ್ಟಿ ಮಾಡಿ ದುಡ್ಡು ಕೊಟ್ಟೆ. ಚೀಟಿ ಕೊಟ್ಟವರು ನಾವು, ನಷ್ಟವೂ ನಮ್ಮದೇ. ಅದಕ್ಕಿಂತ ಜಾಸ್ತಿ ಕಾಡಿದ್ದು ಬೇರೆ. ಮುಂದಿನ ಒಂದು ತಿಂಗಳು ನಾನು ಹಮಾಲರ ಮುಖ ನೋಡುತ್ತಿದ್ದ ರೀತಿಯೇ ಬದಲಾಗಿತ್ತು. ಅಪ್ಪನ ಕಾಲದಿಂದ ಇರುವ ಒಬ್ಬರು, "ಏನಣ್ಣಾ, ಮಾತೇ ಆಡ್ತಿಲ್ಲ" ಎಂದು ಕೇಳಿಯೇಬಿಟ್ಟರು. ಉತ್ತರ ಇರಲಿಲ್ಲ. ಆ ಮೂರು ಚೀಲ ಎಲ್ಲಿ ಹೋಯಿತು ಎಂದು ಇವತ್ತಿಗೂ ಗೊತ್ತಿಲ್ಲ.

ಪೊಲೀಸ್ ಠಾಣೆಗೂ ಹೋಗಿದ್ದೆ. ಅವರು ಮೊದಲು ಕೇಳಿದ್ದೇ ಫೂಟೇಜ್. ಇಲ್ಲ ಎಂದಾಗ, "ಯಾವ ತಾರೀಕು ಕಳುವಾಯ್ತು?" ಎಂದರು. ಅದೂ ಗೊತ್ತಿಲ್ಲ. ಡಿಸೆಂಬರ್‌ನಿಂದ ಏಪ್ರಿಲ್ ನಡುವೆ ಯಾವಾಗಲೋ.

ಹೊಸ ಸಿಸ್ಟಮ್ ಹಾಕಿಸಬೇಕು ಎಂದು ತೀರ್ಮಾನ ಮಾಡಿದೆ. ಮೂರು ಕಡೆ ಕೊಟೇಶನ್ ಕೇಳಿದೆ. ಮೂವರೂ ಕ್ಯಾಮೆರಾ ಎಷ್ಟು, ಎಷ್ಟು ಮೆಗಾಪಿಕ್ಸೆಲ್, ಬಣ್ಣದ ನೈಟ್ ವಿಷನ್ ಬೇಕಾ ಎಂದು ಉತ್ಸಾಹದಿಂದ ಮಾತಾಡಿದರು. ಹಾರ್ಡ್ ಡಿಸ್ಕ್ ಅನ್ನುವುದು ಕೊಟೇಶನ್ನಿನ ಕೊನೇ ಸಾಲಿನಲ್ಲಿತ್ತು. ಒಬ್ಬರು 2 ಟಿಬಿ (ಒಂದು ಟಿಬಿ ಅಂದರೆ ಸಾವಿರ ಜಿಬಿ) ಬರೆದಿದ್ದರು, ಒಬ್ಬರು 4, ಇನ್ನೊಬ್ಬರು 6. ಕ್ಯಾಮೆರಾ ಮೂವರದ್ದೂ 14. ಯಾಕೆ 4, ಯಾಕೆ 6 ಎಂದು ಕೇಳಿದರೆ ಮೂವರದ್ದೂ ಒಂದೇ ಉತ್ತರ: "ಎಲ್ಲರೂ ಅಷ್ಟೇ ಹಾಕಿಸ್ತಾರೆ."

ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸ ಮಾಡುವ ಅಕ್ಕನ ಮಗನಿಗೆ ಫೋಟೊ ಹೊಡೆದು ಮೂರೂ ಕೊಟೇಶನ್ ಕಳಿಸಿದೆ. ಅವನು ಯಾವುದು ಒಳ್ಳೆಯದು ಎಂದು ಹೇಳಲೇ ಇಲ್ಲ. ವಾಪಸ್ ಒಂದು ಪ್ರಶ್ನೆ ಹಾಕಿದ. "ಮಾಮಾ, ನಿಮ್ಮಲ್ಲಿ ಏನಾದ್ರೂ ತಪ್ಪಾದ್ರೆ ಅದು ನಿಮಗೆ ಗೊತ್ತಾಗೋದು ಎಷ್ಟು ದಿನ ಆದ್ಮೇಲೆ?"

ಎಲ್ಲ ಇದ್ದಿದ್ದು ಆ ಪ್ರಶ್ನೆಯಲ್ಲೇ. ಅವತ್ತು ರಾತ್ರಿ ಮೂರು ವರ್ಷದ ಪುಸ್ತಕ ಹರವಿಕೊಂಡು ಕುಳಿತೆ. ಗಲ್ಲಾ ವ್ಯತ್ಯಾಸ ಆದರೆ ಅದೇ ಸಂಜೆ ಗೊತ್ತಾಗುತ್ತದೆ. ಕಾಟಾದ ತೂಕದ ತಕರಾರು ಅದೇ ದಿನ, ತಪ್ಪಿದರೆ ಮಾರನೇ ದಿನ. ಲಾರಿಗೆ ತಪ್ಪು ಲಾಟ್ ಹೋದರೆ ಖರೀದಿದಾರರು ಹತ್ತು ಹದಿನೈದು ದಿನದಲ್ಲಿ ಫೋನ್ ಮಾಡುತ್ತಾರೆ. ಆದರೆ ಬೆಳೆಗಾರರು ಇಟ್ಟುಹೋದ ಚೀಲದ ಲೆಕ್ಕ? ಅದು ಗೊತ್ತಾಗುವುದು ಅವರು ಮಾರಲು ಬಂದ ದಿನ. ರೇಟು ಏರಲಿ ಎಂದು ಕಾಯುವವರು ಎರಡು ತಿಂಗಳಿಗೂ ಬರಬಹುದು, ಐದು ತಿಂಗಳಿಗೂ ಬರಬಹುದು. ನಮ್ಮ ದೊಡ್ಡ ನಷ್ಟ ಎಲ್ಲವೂ ಈ ಜಾತಿಯದೇ. ಹನ್ನೊಂದು ದಿನ ಅಲ್ಲ, ತಿಂಗಳು ಇಟ್ಟಿದ್ದರೂ ನನ್ನ ಮೂರು ಚೀಲಕ್ಕೆ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ.

ಕಾನೂನು ಏನಾದರೂ ಹೇಳುತ್ತದಾ ಎಂದು ನಮ್ಮ ವಕೀಲರನ್ನೂ ಕೇಳಿದೆ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ ಒಂದಿದೆ, ಒಂದೇ ಸಲಕ್ಕೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಜಾಗಗಳಲ್ಲಿ ಕ್ಯಾಮೆರಾ ಹಾಕಿ 30 ದಿನದ ರೆಕಾರ್ಡಿಂಗ್ ಇಟ್ಟಿರಬೇಕು ಎಂದರು. ನಮ್ಮ ಮಂಡಿಯಲ್ಲಿ ಅಷ್ಟು ಜನ ಸೇರುವುದಿಲ್ಲ. ಮಾತಿನ ಮಧ್ಯೆ ಅವರೇ ಇನ್ನೊಂದು ಹೇಳಿದರು. ಪೊಲೀಸ್ ಠಾಣೆಗಳ ಕ್ಯಾಮೆರಾಗಳ ಬಗ್ಗೆ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಾಗ, 18 ತಿಂಗಳು ಇಡಬೇಕು, ಅಂಥ ಉಪಕರಣ ಸಿಗದಿದ್ದರೆ ಒಂದು ವರ್ಷಕ್ಕಂತೂ ಕಡಿಮೆ ಆಗಬಾರದು ಎಂದಿತಂತೆ. ದೂರು ಎಷ್ಟು ತಡವಾಗಿ ಬರಬಹುದು ಎಂದು ಕೋರ್ಟೂ ಯೋಚಿಸಿರಬೇಕು. ನನ್ನ ಅಕ್ಕನ ಮಗನದ್ದೂ ಅದೇ ಲೆಕ್ಕ.

ಹಾಗಾದರೆ ಐದು ತಿಂಗಳು ಇಡೋಣ ಎಂದೆ. ಅವನು ನಕ್ಕ. "ಮೊದಲು ಲೆಕ್ಕ ಹಾಕಿ, ಆಮೇಲೆ ಹೇಳಿ" ಎಂದು ಒಂದು ಸಂಖ್ಯೆ ಕೊಟ್ಟ: 10.8.

ಕ್ಯಾಮೆರಾದಿಂದ ಒಂದೊಂದು ಸೆಕೆಂಡಿಗೆ ಎಷ್ಟು ಡೇಟಾ ಹರಿದು ಬರುತ್ತದೆ ಅನ್ನುವುದೇ ಬಿಟ್‌ರೇಟ್. ಅದನ್ನು ಎಂಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ಹೇಳುತ್ತಾರೆ. ಅದು ಬಿಟ್ ಲೆಕ್ಕ. ಡಿಸ್ಕ್ ಬೈಟ್ ಲೆಕ್ಕ. ಎಂಟು ಬಿಟ್‌ಗೆ ಒಂದು ಬೈಟ್. ದಿನಕ್ಕೆ 86,400 ಸೆಕೆಂಡು. ಎಂಟರಿಂದ ಭಾಗಿಸಿದರೆ 10,800 ಎಂಬಿ, ಅಂದರೆ 10.8 ಜಿಬಿ. ಒಂದು ಎಂಬಿಪಿಎಸ್‌ನ ಒಂದು ಕ್ಯಾಮೆರಾ ಹಗಲು ರಾತ್ರಿ ಓಡಿದರೆ ದಿನಕ್ಕೆ ತಿನ್ನುವುದು ಇಷ್ಟು. ಉಳಿದದ್ದೆಲ್ಲ ಬರೀ ಗುಣಾಕಾರ. ಅಡಿಕೆ ಪಟ್ಟಿ ಬರೆಯುವವನಿಗೆ ಗುಣಾಕಾರ ಏನು ಕಷ್ಟ?

ಮೊದಲು ಹಳೇ ಡಿವಿಆರ್ ಮೇಲೇ ಪ್ರಯೋಗ ಮಾಡಿದೆ. ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಕ್ಯಾಮೆರಾಗೆ ಒಂದು ಎಂಬಿಪಿಎಸ್ ಇತ್ತು. ಎಂಟು ಕ್ಯಾಮೆರಾ, ದಿನಕ್ಕೆ 86.4 ಜಿಬಿ. ಒಳಗಿದ್ದದ್ದು 1 ಟಿಬಿ ಡಿಸ್ಕ್. ಭಾಗಿಸಿದರೆ ಹನ್ನೊಂದು ದಿನ, ಮೇಲೊಂದಿಷ್ಟು ಗಂಟೆ! ಐದು ವರ್ಷದ ಹಿಂದೆ ಯಾರಾದರೂ ಈ ಒಂದು ಲೆಕ್ಕ ಚೀಟಿ ಹಿಂದೆ ಗೀಚಿದ್ದರೂ ಸಾಕಿತ್ತು.

ಆಮೇಲೆ ಹೊಸದರ ಲೆಕ್ಕ. ಕೊಟೇಶನ್‌ನಲ್ಲಿದ್ದ 4 ಮೆಗಾಪಿಕ್ಸೆಲ್ ಕ್ಯಾಮೆರಾಗೆ 4 ಎಂಬಿಪಿಎಸ್ ಇಡಿ ಎಂದಿದ್ದ. ಒಂದಕ್ಕೆ ದಿನಕ್ಕೆ 43.2 ಜಿಬಿ. ಹದಿನಾಲ್ಕಕ್ಕೆ 605. ಐದು ತಿಂಗಳು ಬೇಡ, ಮೂರೇ ತಿಂಗಳು ಎಂದುಕೊಂಡರೂ 54 ಟಿಬಿ. ಕ್ಯಾಲ್ಕುಲೇಟರ್ ತಪ್ಪಾಯಿತೇನೋ ಎಂದು ಎರಡು ಸಲ ಒತ್ತಿದೆ. 54 ಟಿಬಿಗೆ ಡಿಸ್ಕ್ ಹಾಕಿಸುವ ದುಡ್ಡಿದ್ದರೆ ಇನ್ನೊಬ್ಬ ವಾಚ್‌ಮನ್ ಇಟ್ಟುಕೊಳ್ಳಬಹುದು.

ಇಲ್ಲಿಂದ ಕತ್ತರಿಸುವ ಕೆಲಸ. ಎರಡು ವಾರ ಹಿಡಿಯಿತು. ಸುಮ್ನೆ ಹೇಳುವುದಲ್ಲ, ಇಡೀ ವಿಷಯದಲ್ಲಿ ನನಗೆ ಖುಷಿ ಕೊಟ್ಟ ಭಾಗ ಇದೇ.

ಹದಿನಾಲ್ಕು ಕ್ಯಾಮೆರಾಗೂ ಒಂದೇ ಅವಧಿ ಯಾಕೆ ಎಂದು ಮೊದಲು ಕೇಳಿಕೊಂಡೆ. ಗಲ್ಲಾ ಮೇಲಿನ ಕ್ಯಾಮೆರಾದ ತಕರಾರು ಅದೇ ಸಂಜೆ ತೀರುತ್ತದೆ. ಆಫೀಸು, ವರಾಂಡ, ಹಿಂದಿನ ಕಾಂಪೌಂಡು, ಗೋಡೌನ್ ಒಳಗಿನ ಸಾಲುಗಳು, ಇವಕ್ಕೆಲ್ಲ ತಿಂಗಳು ಧಾರಾಳ ಸಾಕು. ಚೀಲ ಒಳಗೆ ಬರಲಿ, ಹೊರಗೆ ಹೋಗಲಿ, ಅದು ದಾಟಲೇಬೇಕಾದ ಜಾಗ ನಾಲ್ಕೇ: ಗೇಟು, ಕಾಟಾ, ಎರಡು ಗೋಡೌನ್‌ಗಳ ಬಾಗಿಲು. ಮೂರು ತಿಂಗಳು ಬೇಕಾದ್ದು ಈ ನಾಲ್ಕಕ್ಕೆ ಮಾತ್ರ. ಅವು 4 ಎಂಬಿಪಿಎಸ್‌ನಲ್ಲಿ ದಿನಕ್ಕೆ 173 ಜಿಬಿ, 90 ದಿನಕ್ಕೆ ಹದಿನೈದೂವರೆ ಟಿಬಿ. ಉಳಿದ ಹತ್ತು 2 ಎಂಬಿಪಿಎಸ್‌ನಲ್ಲಿ 30 ದಿನಕ್ಕೆ ಆರೂವರೆ ಟಿಬಿ. 54 ಇದ್ದದ್ದು 22ಕ್ಕೆ ಇಳಿಯಿತು.

ಎರಡನೇದು ಚಿತ್ರದ ಗುಣಮಟ್ಟ. ಮಾರುವವರು ಮೆಗಾಪಿಕ್ಸೆಲ್ ಹೇಳುತ್ತಾರೆ, ಆದರೆ ಡಿಸ್ಕ್ ತಿನ್ನುವುದು ಬಿಟ್‌ರೇಟ್. 4 ಮೆಗಾಪಿಕ್ಸೆಲ್ ಕ್ಯಾಮೆರಾಗೆ 2 ಎಂಬಿಪಿಎಸ್ ಕೊಟ್ಟರೆ ಏನಾಗುತ್ತದೆ? ಡೆಮೊಗೆ ತಂದ ಒಂದು ಕ್ಯಾಮೆರಾವನ್ನು ಗೋಡೌನ್ ಬಾಗಿಲಿಗೆ ಕಟ್ಟಿ ನೋಡಿದೆವು. ಹಮಾಲರು ಚೀಲ ಹೊತ್ತು ಮಾಮೂಲಿ ವೇಗದಲ್ಲಿ ನಡೆದರು. ಚೀಲದ ಮೇಲೆ ಬಣ್ಣದಲ್ಲಿ ಬರೆದ ಲಾಟ್ ಗುರುತು ಓದಲು ಆಗುತ್ತದಾ? ನಿಂತಾಗ ಓದಬಹುದು. ನಡೆಯುವಾಗ ಮಂಜು ಮಂಜು. 4ಕ್ಕೆ ಏರಿಸಿದರೆ ಓದಬಹುದು. ಹಾಗಾಗಿ ನಾಲ್ಕು ಕ್ಯಾಮೆರಾಕ್ಕೆ 4 ಕಾಯಂ. ಸೆಕೆಂಡಿಗೆ 25 ಫ್ರೇಮ್ ಬದಲು 15 ಮಾಡಿದೆವು. ಮನುಷ್ಯ ಚೀಲ ಹೊತ್ತು ನಡೆಯುವುದನ್ನು ನೋಡಲು 15 ಬೇಕಾದಷ್ಟಾಯಿತು. ಇದ್ದಷ್ಟು ಡೇಟಾ ಕಡಿಮೆ ಫ್ರೇಮಿಗೆ ಹಂಚಿಕೆ ಆಗುವುದರಿಂದ ಒಂದೊಂದು ಚಿತ್ರವೂ ಇನ್ನಷ್ಟು ಸ್ಪಷ್ಟ ಬಂತು. ಕೋಡೆಕ್, ಅಂದರೆ ಚಿತ್ರವನ್ನು ಕುಗ್ಗಿಸಿ ಇಡುವ ವಿಧಾನ, ಎಚ್.265 ಇರಲಿ ಎಂದು ಮೊದಲೇ ಹೇಳಿದ್ದೆ. ಹಳೇ ಎಚ್.264ರಲ್ಲಿ ಇದೇ ಚಿತ್ರಕ್ಕೆ ಹೆಚ್ಚುಕಡಿಮೆ ಎರಡರಷ್ಟು ಜಾಗ ಬೇಕಾಗುತ್ತಿತ್ತು.

ಅದರ ಮೇಲೂ 'ಪ್ಲಸ್', 'ಸ್ಮಾರ್ಟ್' ಎಂದೆಲ್ಲ ಹೆಸರಿನ ಕಂಪ್ರೆಷನ್ ಬರುತ್ತದೆ. ಅಲ್ಲಾಡದ ಜಾಗ ಜಾಸ್ತಿ ಇರುವ ಚಿತ್ರದಲ್ಲಿ ಅದು ತುಂಬಾ ಉಳಿಸುತ್ತದೆ. ರಾತ್ರಿ ಬೀಗ ಹಾಕಿದ ಗೋಡೌನ್ ಒಳಗೆ ಏನು ಅಲ್ಲಾಡುತ್ತದೆ, ಇಲಿ ಬಿಟ್ಟರೆ? ಹತ್ತು ಕ್ಯಾಮೆರಾಗೆ ಅದನ್ನು ಹಾಕಿದೆ. ಮುಖ್ಯವಾದ ನಾಲ್ಕಕ್ಕೆ ಹಾಕಲಿಲ್ಲ. ಉಳಿತಾಯ ಎಷ್ಟು ಆಗುತ್ತದೆ ಎಂದು ಮೊದಲೇ ಹೇಳಲಾಗದ ವಿಷಯವನ್ನು ನಂಬಿ ನಾನು ದಿನ ಎಣಿಸಲಾರೆ.

ಮೋಷನ್ ರೆಕಾರ್ಡಿಂಗ್ ಬಗ್ಗೆಯೂ ಅದೇ ಮಾತು. ಚಲನೆ ಇದ್ದಾಗ ಮಾತ್ರ ರೆಕಾರ್ಡ್ ಮಾಡು ಎಂದರೆ ಡಿಸ್ಕ್ ಉಳಿಯುತ್ತದೆ, ನಿಜ. ಆದರೆ ಶಿವಮೊಗ್ಗದ ಮಳೆಗಾಲದಲ್ಲಿ ಗೇಟಿನ ಕ್ಯಾಮೆರಾ ಮುಂದೆ ರಾತ್ರಿಯೆಲ್ಲ ಚಲನೆಯೇ. ಇನ್‌ಫ್ರಾರೆಡ್ ಬೆಳಕಿಗೆ ಮಳೆಹನಿ ಬಿಳಿ ಗೆರೆಯ ಹಾಗೆ ಹೊಳೆಯುತ್ತದೆ. ಹುಳ ಮುತ್ತುತ್ತದೆ. ಹುಳ ಇದ್ದಲ್ಲಿ ಜೇಡ. ಲೆನ್ಸಿನ ಮುಂದೆ ಬಲೆ ಕಟ್ಟಿ, ಗಾಳಿಗೆ ಅದು ಅಲ್ಲಾಡಿ, ಇಡೀ ರಾತ್ರಿ ರೆಕಾರ್ಡಿಂಗ್. ಇನ್ನು ಚಲನೆ ಗುರುತಿಸಲು ಒಂದು ಸೆಕೆಂಡು ತಡವಾದರೆ ಬೇಕಾದ್ದೇ ತಪ್ಪಿಹೋಗುತ್ತದೆ. ಹತ್ತು ಕ್ಯಾಮೆರಾಗೆ ರಾತ್ರಿ ಎಂಟರಿಂದ ಬೆಳಿಗ್ಗೆ ಆರರವರೆಗೆ ಮಾತ್ರ ಮೋಷನ್, ಹಗಲೆಲ್ಲ ಪೂರ್ತಿ. ನಾಲ್ಕಕ್ಕೆ ಯಾವಾಗಲೂ ಪೂರ್ತಿ.

ಇಷ್ಟೆಲ್ಲ ಆದ ಮೇಲೂ ಅದು ಕಾಗದದ ಲೆಕ್ಕವೇ. ಕ್ಯಾಮೆರಾ ಹಾಕುವ ಹುಡುಗನಿಗೆ, "ಮೊದಲು ಒಂದೇ ಡಿಸ್ಕ್ ಹಾಕಿ ಒಂದು ವಾರ ಓಡಿಸೋಣ, ಆಮೇಲೆ ಉಳಿದದ್ದು ತೆಗೆದುಕೊಳ್ಳೋಣ" ಎಂದೆ. ವಿಚಿತ್ರ ಗಿರಾಕಿ ಎಂದುಕೊಂಡಿರಬೇಕು. ಜೂನ್ ಮೊದಲ ವಾರ ಓಡಿಸಿದೆವು. ಬಿಟ್‌ರೇಟನ್ನು ವೇರಿಯಬಲ್, ಅಂದರೆ ಚಿತ್ರಕ್ಕೆ ತಕ್ಕಂತೆ ಏರಿಳಿಯುವ ಹಾಗೆ ಇಟ್ಟಿದ್ದರಿಂದ ನಾಲ್ಕು ಕ್ಯಾಮೆರಾಗಳು ಸರಾಸರಿ 3 ಎಂಬಿಪಿಎಸ್‌ನಲ್ಲೇ ಇದ್ದವು. ನಾಲ್ಕೂ ಸೇರಿ ದಿನಕ್ಕೆ 130 ಜಿಬಿ. ಹತ್ತು ಕ್ಯಾಮೆರಾಗಳದ್ದು ಎಲ್ಲ ಸೇರಿ 105.

ಈಗ ಯಾವ ಸಂಖ್ಯೆ ನಂಬಬೇಕು, 130 ಅಥವಾ 173? ಅಳತೆಗೆ ಸಿಕ್ಕಿದ್ದು 130. ಮಳೆ ಹಿಡಿದರೆ 173ರವರೆಗೂ ಹೋಗಬಹುದು, ಅದರಿಂದಾಚೆ ಸೆಟ್ಟಿಂಗ್ ಬಿಡುವುದಿಲ್ಲ. ಅಕ್ಕನ ಮಗ ಹೇಳಿದ್ದು, "ಡಿಸ್ಕ್ ತಗೊಳ್ಳೋವಾಗ ಕೆಟ್ಟ ದಿನದ ಲೆಕ್ಕ ಹಿಡೀರಿ." ಹಾಗಾಗಿ ನಾಲ್ಕು ಕ್ಯಾಮೆರಾಗೆ 8 ಟಿಬಿಯ ಎರಡು ಡಿಸ್ಕ್. ದಿನಕ್ಕೆ 173 ತಿಂದರೂ 92 ದಿನ, 130 ತಿಂದರೆ 123 ದಿನ. ಹತ್ತು ಕ್ಯಾಮೆರಾಗೆ 4 ಟಿಬಿಯ ಒಂದು ಡಿಸ್ಕ್, 38 ದಿನ.

ಡಿಸ್ಕ್ ತೆಗೆದುಕೊಳ್ಳುವಾಗ ಇನ್ನೊಂದು ಸಣ್ಣ ಪಾಠ. 8 ಟಿಬಿ ಹಾಕಿದರೆ ರೆಕಾರ್ಡರ್ 7.27 ಎಂದು ತೋರಿಸಿತು. ಮೋಸ ಹೋದೆ ಎಂದು ಜಗಳಕ್ಕೇ ಹೊರಟಿದ್ದೆ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಯಂತ್ರ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಕಾಟಾ ಬೇರೆ, ಮಾಲು ಅಷ್ಟೇ. ನನ್ನ 10.8ರ ಲೆಕ್ಕವೂ ಸಾವಿರದ್ದೇ ಆದ್ದರಿಂದ ದಿನದ ಲೆಕ್ಕದಲ್ಲಿ ಏನೂ ಕಡಿಮೆ ಆಗಲಿಲ್ಲ.

ಅಂಗಡಿಯಲ್ಲಿ ಕಂಪ್ಯೂಟರಿಗೆ ಹಾಕುವ ಮಾಮೂಲಿ ಡಿಸ್ಕ್ ಅಗ್ಗಕ್ಕೆ ತೋರಿಸಿದರು. ಅದರ ವಿವರದಲ್ಲಿ ವರ್ಷಕ್ಕೆ 55 ಟಿಬಿ ಕೆಲಸ ಎಂದಿತ್ತು. ವೆಸ್ಟರ್ನ್ ಡಿಜಿಟಲ್ ಪರ್ಪಲ್, ಸೀಗೇಟ್ ಸ್ಕೈಹಾಕ್ ಎಂದು ಕ್ಯಾಮೆರಾಗೆಂದೇ ಬರುವ ಡಿಸ್ಕ್‌ಗಳಲ್ಲಿ 180 ಟಿಬಿ. ನನ್ನ ನಾಲ್ಕು ಕ್ಯಾಮೆರಾ ವರ್ಷಕ್ಕೆ ಬರೆಯುವುದೇ 63 ಟಿಬಿವರೆಗೆ. ಎರಡು ಡಿಸ್ಕಿಗೆ ಹಂಚಿದರೆ 55ರ ಒಳಗೇ ಬರುತ್ತದೆ, ಹೌದು. ಆದರೆ ಹಗಲು ರಾತ್ರಿ ತಿರುಗುತ್ತಲೇ ಇರುವ ಕೆಲಸಕ್ಕೆ ಮಾಡಿದ ಡಿಸ್ಕನ್ನು ಬಿಟ್ಟು, ಸಂಜೆ ಆಫ್ ಮಾಡುವ ಯಂತ್ರದ ಡಿಸ್ಕ್ ಯಾಕೆ? ಹಳೇ ಡಿವಿಆರ್ ಬಿಚ್ಚಿದಾಗ ಒಳಗಿದ್ದದ್ದು ಅಂಥದ್ದೇ ಮಾಮೂಲಿ ಡಿಸ್ಕ್. ಮೂರು ಡಿಸ್ಕಿಗೆ ಐವತ್ತು ಸಾವಿರದ ಹತ್ತಿರ ಆಯಿತು. ಕಳೆದುಹೋದ ಅಡಿಕೆಯ ಅರ್ಧ ಬೆಲೆ.

ರೇಯ್ಡ್, ಅಂದರೆ ಡಿಸ್ಕ್‌ಗಳನ್ನು ಒಂದಕ್ಕೊಂದು ಆಸರೆಯಾಗುವಂತೆ ಜೋಡಿಸುವುದು, ಅದನ್ನು ಮಾಡಿಸಬೇಕಾ ಎಂದು ತಲೆ ಕೆಡಿಸಿಕೊಂಡಿದ್ದೂ ಉಂಟು. ಒಂದು ಡಿಸ್ಕ್ ಕೆಟ್ಟರೂ ಉಳಿದವುಗಳಿಂದ ಡೇಟಾ ಸಿಗುತ್ತದೆ. ಆದರೆ ಒಂದು ಡಿಸ್ಕಿನ ಜಾಗ ಅದಕ್ಕೇ ಹೋಗುತ್ತದೆ, ರೆಕಾರ್ಡರೂ ದುಬಾರಿ ಬೇಕು. ಇನ್ನು ಕಳ್ಳ ರೆಕಾರ್ಡರನ್ನೇ ಹೊತ್ತೊಯ್ದರೆ ರೇಯ್ಡ್ ಏನು ಮಾಡೀತು? ಅದರ ಬದಲು ಆ ನಾಲ್ಕು ಕ್ಯಾಮೆರಾದ ಒಳಗೇ 256 ಜಿಬಿಯ ಮೆಮೊರಿ ಕಾರ್ಡ್ ಹಾಕಿಸಿದೆ. ಕೊನೆಯ ಏಳೆಂಟು ದಿನ ಅಲ್ಲೂ ಇರುತ್ತದೆ. ಆಸ್ಪತ್ರೆಗೋ ಬ್ಯಾಂಕಿಗೋ ಬೇರೆ ಲೆಕ್ಕ ಇರಬಹುದು. ಅಡಿಕೆ ಮಂಡಿಗೆ ಇಷ್ಟು ಸಾಕು ಅನ್ನಿಸಿತು.

ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಹೊರಗೆಲ್ಲೋ ಉಳಿಸಿಡುವುದು? ಅದನ್ನೂ ಕೇಳಿದೆ. ದಿನಕ್ಕೆ 235 ಜಿಬಿ ಅಂದರೆ ತಿಂಗಳಿಗೆ 7 ಟಿಬಿ. ನಮ್ಮ ಫೈಬರ್ ಕನೆಕ್ಷನ್ 'ಅನ್‌ಲಿಮಿಟೆಡ್' ಎಂದು ಹೇಳಿದರೂ 3300 ಜಿಬಿ ಆದ ಮೇಲೆ ವೇಗ ಕುಂಟುತ್ತದೆ. ಅಲ್ಲಿಗೆ ಮುಗಿಯಿತು.

ರೆಕಾರ್ಡರನ್ನು ದೇವರ ಫೋಟೊ ಕೆಳಗಿಂದ ಅಟ್ಟಕ್ಕೆ ಸಾಗಿಸಿ, ಬೀಗದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟೆವು. ಅಟ್ಟದ ಬಿಸಿಗೆ ಡಿಸ್ಕ್ 52 ಡಿಗ್ರಿ ತೋರಿಸಿತು. ಪೆಟ್ಟಿಗೆಗೆ ಎರಡು ಸಣ್ಣ ಫ್ಯಾನ್, ಅಡಿಕೆ ಧೂಳಿಗೆ ಜಾಲರಿ. 41ಕ್ಕೆ ಇಳಿಯಿತು. ಕರೆಂಟಿನ ವಿಷಯ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಹದಿನಾಲ್ಕು ಕ್ಯಾಮೆರಾ, ರೆಕಾರ್ಡರ್ ಎಲ್ಲ ಸೇರಿ 125 ವ್ಯಾಟ್ ಎಳೆಯುತ್ತದೆ. ಮನೆಯಲ್ಲಿ ಇರುವಂಥದ್ದೇ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಹಾಕಿದೆ. ಎಂಟು ಗಂಟೆ ಹಿಡಿಯುತ್ತದೆ. ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಕಟ್ಟಿದೆವು.

ಹೊಸ ರೆಕಾರ್ಡರಿನಲ್ಲಿ ಯಾವ ಕ್ಯಾಮೆರಾ ಯಾವ ಡಿಸ್ಕಿಗೆ ಬರೆಯಬೇಕು ಎಂದು ಗುಂಪು ಮಾಡುವ ಸೌಲಭ್ಯ ಇದೆ. ಅದನ್ನು ಮಾಡದಿದ್ದರೆ ಇಷ್ಟು ಲೆಕ್ಕವೂ ನೀರಿನಲ್ಲಿ ಹೋಮ. ಎಲ್ಲ ಕ್ಯಾಮೆರಾಗಳೂ ಎಲ್ಲ ಡಿಸ್ಕಿಗೂ ಬರೆದು, ತುಂಬಿದ ಮೇಲೆ ಹಳೆಯದನ್ನು ಅಳಿಸುತ್ತಾ ಹೋಗುತ್ತವೆ. ಗೇಟಿನ ಎಂಬತ್ತನೇ ದಿನವನ್ನು ವರಾಂಡದ ನಾಯಿ ಅಳಿಸಿಹಾಕುತ್ತದೆ. ಹಾಕಲು ಬಂದ ಹುಡುಗನಿಗೆ ಈ ಮೆನು ಇದೆ ಎಂದೇ ಗೊತ್ತಿರಲಿಲ್ಲ. ಅಕ್ಕನ ಮಗ ವಿಡಿಯೊ ಕಾಲ್‌ನಲ್ಲಿ ಹುಡುಕಿಸಿದ.

ಹಮಾಲರನ್ನು ಕೂರಿಸಿ ಎಲ್ಲ ಹೇಳಿದೆ. ಎಲ್ಲಿ ಕ್ಯಾಮೆರಾ ಇದೆ, ಎಷ್ಟು ದಿನ ಇರುತ್ತದೆ ಎಂದು. ಅವರು ಕೂತು ಎಲೆಅಡಿಕೆ ಹಾಕಿಕೊಳ್ಳುವ ಹಿಂದಿನ ಕಟ್ಟೆಗೆ ಕ್ಯಾಮೆರಾ ಇಲ್ಲ. ಒಬ್ಬರು ಅಲ್ಲಿ ಹಾಕಿಸಿ ಎಂದು ಸಲಹೆ ಕೊಟ್ಟಿದ್ದರು. ನನಗೆ ಮನಸ್ಸಾಗಲಿಲ್ಲ.

ಈ ಎಲ್ಲದರ ನಡುವೆ ಪುಕ್ಕಟೆ ಸಿಕ್ಕಿದ್ದೊಂದಿದೆ. ತಪ್ಪು ತಡವಾಗಿ ಗೊತ್ತಾಗುವುದೇ ಸಮಸ್ಯೆ ಎಂದಾದರೆ, ಬೇಗ ಗೊತ್ತಾಗುವ ಹಾಗೆ ಮಾಡಬಹುದಲ್ಲ? ಪ್ರತಿ ಅಮಾವಾಸ್ಯೆ ಪೂಜೆ ಮುಗಿದ ಮೇಲೆ ಎಲ್ಲ ಲಾಟುಗಳ ಚೀಲ ಎಣಿಸಿ ಪುಸ್ತಕಕ್ಕೆ ಟಿಕ್ ಹಾಕುವುದು ಎಂದು ಮಾಡಿದೆವು. ಅರ್ಧ ದಿನದ ಕೆಲಸ. ಈಗ ಚೀಲ ಕಮ್ಮಿಯಾದರೆ ಹೆಚ್ಚೆಂದರೆ ಮೂವತ್ತು ದಿನದೊಳಗೆ ಗೊತ್ತಾಗುತ್ತದೆ. ಐದು ತಿಂಗಳ ಡಿಸ್ಕ್ ಆಸೆ ಬಿಟ್ಟು 90 ದಿನಕ್ಕೆ ನಾನು ಒಪ್ಪಿಕೊಂಡದ್ದು ಇದರಿಂದ. "ಹಾಗಾದ್ರೆ 90 ಯಾಕೆ, 30 ಸಾಕಲ್ಲ" ಎಂದು ನಮ್ಮ ರೈಟರ್ ಕೇಳಿದ್ದರು. ಎಣಿಕೆಗೆ ಸಿಗದ ತಕರಾರೂ ಇರುತ್ತದೆ ಎಂದೆ. ಯಾವುದು ಎಂದು ಆಗ ನನಗೂ ಸ್ಪಷ್ಟ ಇರಲಿಲ್ಲ.

ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಆಯುಧಪೂಜೆ ಬಂತು. ಕಾಟಾ, ಲಾರಿ, ಕಂಪ್ಯೂಟರ್ ಎಲ್ಲ ಒರೆಸಿ ಕುಂಕುಮ ಹಚ್ಚುವಾಗ ನಮ್ಮ ಹುಡುಗ ಅಟ್ಟದ ಪೆಟ್ಟಿಗೆಯನ್ನೂ ಬಿಡಲಿಲ್ಲ. ಪ್ಲಗ್ ತೆಗೆದು ಧೂಳು ಹೊಡೆದು, ಹೂ ಮುಡಿಸಿ, ಕೈ ಮುಗಿದು ಇಳಿದ. ಪ್ಲಗ್ ಹಾಕಲು ಮರೆತ. ರಜೆ ಮುಗಿದು ಬಾಗಿಲು ತೆಗೆದಾಗ ಮೂರು ದಿನ ರೆಕಾರ್ಡಿಂಗ್ ಇಲ್ಲ. ನಾಲ್ಕು ಕ್ಯಾಮೆರಾದ ಕಾರ್ಡೂ ಕೈಕೊಟ್ಟಿತ್ತು, ಯಾಕೆಂದರೆ ಅವಕ್ಕೆ ಕರೆಂಟ್ ಬರುವುದೂ ಅದೇ ಪೆಟ್ಟಿಗೆಯ ಸ್ವಿಚ್‌ನಿಂದ. ಪುಣ್ಯಕ್ಕೆ ಏನೂ ಆಗಿರಲಿಲ್ಲ. ಅವತ್ತಿನಿಂದ ರೆಕಾರ್ಡರ್ ಸಂಪರ್ಕ ತಪ್ಪಿದರೆ, ಡಿಸ್ಕ್ ಕೆಟ್ಟರೆ ನನ್ನ ಫೋನಿಗೂ ಅಕ್ಕನ ಮಗನ ಫೋನಿಗೂ ಸಂದೇಶ ಬರುವ ಹಾಗೆ ಮಾಡಿದೆವು. ಅಮಾವಾಸ್ಯೆ ಎಣಿಕೆಯ ದಿನವೇ ಇನ್ನೊಂದು ಕೆಲಸ: ಗೇಟಿನ ಕ್ಯಾಮೆರಾದಲ್ಲಿ ಸಿಗುವ ಅತಿ ಹಳೇ ದಿನಾಂಕ ನೋಡಿ ಪುಸ್ತಕದಲ್ಲಿ ಬರೆಯುವುದು, ಅದರಿಂದ ಐದು ನಿಮಿಷ ಪೆನ್‌ಡ್ರೈವ್‌ಗೆ ತೆಗೆದು ಬೇರೆ ಕಂಪ್ಯೂಟರಿನಲ್ಲಿ ಓಡುತ್ತದಾ ಎಂದು ನೋಡುವುದು. ಮೊದಲನೇ ಸಲ ಓಡಲಿಲ್ಲ. ಅದರದ್ದೇ ಪ್ಲೇಯರ್ ಬೇಕಿತ್ತು.

ವಕೀಲರು ಇನ್ನೊಂದು ಎಚ್ಚರಿಕೆ ಕೊಟ್ಟಿದ್ದರು. ಫೂಟೇಜ್ ಇದ್ದರೆ ಸಾಲದು, ಕೋರ್ಟಿಗೆ ಹೋಗಬೇಕಾದರೆ ಪ್ರಮಾಣಪತ್ರ ಬೇಕು. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಅದು 65ಬಿ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ. ಹೊಸ ನಮೂನೆಯಲ್ಲಿ ಫೈಲಿನ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಅದು ಫೈಲಿನ ಬೆರಳಚ್ಚು ಇದ್ದ ಹಾಗೆ, ಒಂದು ಅಕ್ಷರ ಬದಲಾದರೂ ಬೇರೆಯಾಗುತ್ತದೆ. ಹಾಗಾಗಿ ಯಾವುದಾದರೂ ತಕರಾರು ಕಿವಿಗೆ ಬಿದ್ದ ದಿನವೇ ಆ ಭಾಗವನ್ನು ಲಾಕ್ ಮಾಡಿ, ನಕಲು ತೆಗೆದಿಡಿ ಎಂದಿದ್ದಾರೆ. ಡಿಸ್ಕ್ ತುಂಬಿದ ಮೇಲೆ ಯಂತ್ರ ಯಾರ ಮಾತೂ ಕೇಳುವುದಿಲ್ಲ.

ಪುಸ್ತಕದಲ್ಲಿ ಬರೆಯುವ ಆ ಹಳೇ ದಿನಾಂಕದ ಲೆಕ್ಕ ನೋಡುವುದೇ ಒಂದು ಕುತೂಹಲ. ಜುಲೈ, ಆಗಸ್ಟ್‌ನಲ್ಲಿ ಬಿಟ್‌ರೇಟ್ ನಿಜಕ್ಕೂ 4ರ ಹತ್ತಿರ ಹೋಯಿತು. ಅಕ್ಟೋಬರ್ ಹೊತ್ತಿಗೆ ಗೇಟಿನ ಹಳೇ ದಿನ 97ಕ್ಕೆ ಬಂದು ನಿಂತಿತ್ತು. ಮಳೆ ನಿಂತ ಮೇಲೆ ಮತ್ತೆ ಏರಿತು.

2025ರ ಫೆಬ್ರವರಿ 27. ಹೊಸನಗರ ಕಡೆಯ ಬೆಳೆಗಾರರೊಬ್ಬರು ಬಂದರು. ಅವರ ಲಾಟಿನಲ್ಲಿ 40 ಚೀಲ. ಪುಸ್ತಕದಲ್ಲಿ 40, ಚೀಟಿಯಲ್ಲಿ 40, ಅಮಾವಾಸ್ಯೆಯ ಎಣಿಕೆಯಲ್ಲೂ 40. ಅವರು ಮಾತ್ರ, "ನಾನು ತಂದದ್ದು 42. ಮನೆಯಲ್ಲಿ ಮಗ ಬರೆದಿಟ್ಟಿದಾನೆ" ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ. ಇಳಿಸಿದ್ದು ಡಿಸೆಂಬರ್ 18. ಲೆಕ್ಕ ಹಾಕಿದರೆ 71 ದಿನದ ಹಿಂದೆ.

ರೈಟರ್ ಕ್ಯಾಲೆಂಡರ್ ತೆಗೆದರು. ಡಿಸೆಂಬರ್ 18ಕ್ಕೆ ಗುರುತು ಇತ್ತು. ಬೆಳಿಗ್ಗೆ 11:20ಕ್ಕೆ ಅವರ ಟ್ರ್ಯಾಕ್ಟರ್ ಗೇಟು ದಾಟಿತು. ಕಾಟಾದ ಕ್ಯಾಮೆರಾಗೆ ಹೋದೆವು. ಅವರೂ ಕುರ್ಚಿ ಎಳೆದುಕೊಂಡು ಕೂತು, ಒಂದೊಂದಾಗಿ ಚೀಲ ಎಣಿಸಿದರು. ನಲವತ್ತೆರಡು. ನನ್ನ ಎದೆ ಒಮ್ಮೆ ಝಲ್ಲೆಂದಿತು. ಆಮೇಲೆ ನಮ್ಮ ಆ ಹಳೇ ಹಮಾಲರು ಎರಡು ಚೀಲದ ಬಾಯಿ ಬಿಚ್ಚಿ, ಅಡಿಕೆ ಕೈಗೆ ತೆಗೆದುಕೊಂಡು ಅವರ ಮುಂದೆ ಹಿಡಿದದ್ದು ಕಂಡಿತು. ಇನ್ನೂ ಹಸಿ. ಅವರೇ ತಲೆಯಾಡಿಸಿದರು. ಎರಡೂ ಚೀಲ ವಾಪಸ್ ಟ್ರ್ಯಾಕ್ಟರ್ ಹತ್ತಿತು.

"ಅಯ್ಯೋ, ಹೌದಲ್ಲ ಮಾರಾಯ್ರೆ" ಎಂದು ಅವರು ಹಣೆ ಬಡಿದುಕೊಂಡು ನಕ್ಕರು. "ಅವೆರಡು ಒಣಗಿಸಿ ಜನವರಿಯಲ್ಲಿ ಮನೆ ಹತ್ರಾನೇ ಮಾರಿದ್ದು. ಮಗನ ಪುಸ್ತಕದಲ್ಲಿ ಹೊಡೆದುಹಾಕಿಲ್ಲ."

ಹಳೇ ಹಮಾಲರನ್ನು ಒಳಗೆ ಕರೆದು ಟಿವಿ ತೋರಿಸಿದೆ. ತಮ್ಮನ್ನು ತಾವೇ ನೋಡಿಕೊಂಡು, "ಇಷ್ಟು ಬೆಳ್ಳಗಾಗಿದ್ಯಾ ನನ್ ತಲೆ?" ಎಂದರು. ಹೊರಗೆ ಇನ್ನೊಂದು ಟ್ರ್ಯಾಕ್ಟರ್ ಬಂದಿತ್ತು. ಎದ್ದು ಹೋದರು.